ಹಲ್ಲಿನ ಡಾಕ್ಟರ ಮುಂದೆ ‘ಅಡ್ಡಿಲ್ಲ’ ಎನ್ನುವ ಮೊದಲು

ನಮ್ಮ ಉತ್ತರ ಕನ್ನಡದವರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: ಅಡ್ಡಿಲ್ಲ. ಊಟ ಹೇಗಿತ್ತು? ಅಡ್ಡಿಲ್ಲ. ಈ ವರ್ಷ ಅಡಿಕೆ ಫಸಲು? ಅಡ್ಡಿಲ್ಲ. ಒಪ್ಪಿಗೆಗೂ ಅದೇ, ಅರೆಮನಸ್ಸಿಗೂ ಅದೇ, ಬೇಡ ಅಂತ ಎದುರಿಗೆ ಹೇಳಲು ಮುಜುಗರವಾದಾಗಲೂ ಅದೇ. ಊರವರಿಗೆ ದನಿ ಕೇಳಿದರೇ ಯಾವ ಅಡ್ಡಿಲ್ಲ ಇದು ಅಂತ ಗೊತ್ತಾಗುತ್ತದೆ. ಹಲ್ಲಿನ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಅವರು ಅದನ್ನು ‘ಹೂಂ, ಮಾಡಿ’ ಅಂತಲೇ ತಿಳಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ಶಿರಸಿಯಲ್ಲಿ ನಾನೂ ಹೀಗೇ ಮಾಡಿದೆ. ಎಡಗಡೆ ಕೆಳದವಡೆ ಹಲ್ಲು, ರಾತ್ರಿಯಿಡೀ ನಿದ್ದೆ ಇಲ್ಲ. ಡಾಕ್ಟರು ಎಕ್ಸ್‌ರೇ ನೋಡಿ, “ರೂಟ್ ಕೆನಾಲ್ ಮಾಡೋಣ, ಮೂರು ಸಲ ಬರಬೇಕು, ಆಮೇಲೆ ಕ್ಯಾಪ್. ಆಗಬಹುದಾ?” ಅಂದರು. ಹಲ್ಲೊಳಗಿನ ಕೆಟ್ಟ ನರ ತೆಗೆದು ತೊಳೆದು ತುಂಬಿಸುವುದು ರೂಟ್ ಕೆನಾಲ್, ಆ ಹಲ್ಲಿನ ಮೇಲೆ ಕೂರಿಸುವ ಕವಚ ಕ್ಯಾಪ್. ನನ್ನ ತಲೆಯಲ್ಲಿ ಇದ್ದದ್ದು ಬೇರೆ: ಖರ್ಚೆಷ್ಟು, ಕೀಳಿಸಿದರೆ ಆಗುವುದಿಲ್ಲವಾ, ಮೂರು ದಿನ ರಜೆ ಯಾರು ಕೊಡುತ್ತಾರೆ. ಬಾಯಿಗೆ ಬಂದದ್ದು ಅಡ್ಡಿಲ್ಲ. ಮೊದಲ ಸಲಕ್ಕೇ ನೋವು ಹೋಯಿತು. ಎರಡನೇ ಸಲ ನಾನು ಹೋಗಲೇ ಇಲ್ಲ. ಎಂಟು ತಿಂಗಳ ಮೇಲೆ ಹಲಸಿನ ಹಪ್ಪಳ ಕಡಿಯುವಾಗ ಆ ಹಲ್ಲು ಉದ್ದಕ್ಕೆ ಸೀಳಿತು. ಕಲ್ಲು ಕಡಿದದ್ದಲ್ಲ, ಹಪ್ಪಳ! ಕೊನೆಗೆ ಕೀಳಿಸಿಯೇ ಆಯಿತು, ಅಷ್ಟರಲ್ಲಿ ದುಡ್ಡೂ ಹೋಗಿತ್ತು. ಇದರಲ್ಲಿ ಡಾಕ್ಟರ ತಪ್ಪು ಏನೂ ಇಲ್ಲ. ನನ್ನ ತಲೆಯಲ್ಲಿದ್ದ ಮೂರು ಪ್ರಶ್ನೆ ಅವರ ಕಿವಿಗೆ ಬಿದ್ದೇ ಇರಲಿಲ್ಲ.

ಆಮೇಲೆ ಆಯಿಯನ್ನು, ಮಾವನನ್ನು, ಮಕ್ಕಳನ್ನು ಅಂತ ಕರೆದುಕೊಂಡು ಹೋಗಿ ಹೋಗಿ ನನಗೊಂದು ಕ್ರಮ ಸಿಕ್ಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲೇ ಒಂದು ಚೀಟಿ ಬರೆಯಿರಿ

ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದ ಮೇಲೆ ಯಾರಿಗೂ ಮಾತು ನೆನಪಾಗುವುದಿಲ್ಲ, ಆಡುವುದಕ್ಕೂ ಆಗುವುದಿಲ್ಲ. ಹಾಗಾಗಿ ಹೊರಡುವ ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ.

ಮೊದಲು ನೋವಿನ ಬಗ್ಗೆ. ‘ಹಲ್ಲು ನೋವು’ ಅಂದರೆ ಡಾಕ್ಟರಿಗೆ ಏನೂ ಹೇಳಿದಂತಾಗಲಿಲ್ಲ. ಕನ್ನಡದಲ್ಲಿ ನೋವಿಗೆ ಎಷ್ಟೊಂದು ಮಾತುಗಳಿವೆ, ಅವನ್ನು ಬಳಸಿ. ತಣ್ಣೀರು ತಾಗಿದಾಗ ಜುಮ್ಮೆನ್ನುತ್ತದಾ? ಜುಮ್ಮೆಂದು ಕೂಡಲೇ ಹೋಗುತ್ತದಾ, ಐದು ನಿಮಿಷ ಉಳಿಯುತ್ತದಾ? ಕಿವಿಯವರೆಗೆ ಸೆಳೆಯುತ್ತದಾ? ಎದೆ ಬಡಿದಂತೆ ಹಲ್ಲೊಳಗೇ ಬಡಿದುಕೊಳ್ಳುತ್ತದಾ? ಕಡಿದಾಗ ಮಾತ್ರವಾ, ಸುಮ್ನೆ ಕೂತಾಗಲೂನಾ? ಮಲಗಿದ ಮೇಲೆ ಜಾಸ್ತಿಯಾಗುತ್ತದಾ?

ಈ ವ್ಯತ್ಯಾಸದಲ್ಲೇ ಅರ್ಧ ವಿಷಯ ಇದೆ. ತಣ್ಣಗಿನದು ತಾಗಿ ಜುಮ್ಮೆಂದು ಕ್ಷಣದಲ್ಲಿ ಹೋದರೆ ಹಲ್ಲಿನ ಒಳಗಿನ ನರ ಸಾಮಾನ್ಯವಾಗಿ ಇನ್ನೂ ಚೆನ್ನಾಗಿರುತ್ತದೆ, ಹುಳುಕು ತೆಗೆದು ತುಂಬಿಸಿದರೆ ಸಾಕಾಗಬಹುದು. ಬಿಸಿ ಚಹಾ ಕುಡಿದ ಮೇಲೆ ನೋವು ಬಂದು ಕೂತರೆ, ಇಲ್ಲವೇ ನಡುರಾತ್ರಿ ಎಬ್ಬಿಸಿದರೆ, ಹುಳುಕು ನರಕ್ಕೆ ಮುಟ್ಟಿರುವ ಸಂಭವ ಹೆಚ್ಚು. ಇನ್ನೊಂದು ಮೋಸ ಇದೆ: ನಾಲ್ಕು ದಿನ ಭಯಂಕರ ನೋವಿದ್ದು ಐದನೇ ದಿನ ತನ್ನಷ್ಟಕ್ಕೆ ನಿಂತರೆ ಗುಣವಾಯಿತು ಅಂತಲ್ಲ, ನರ ಸತ್ತಿರಬಹುದು. ಅದನ್ನೂ ಚೀಟಿಯಲ್ಲಿ ಬರೆಯಿರಿ.

ಆಮೇಲೆ ಔಷಧಿ. ಹೆಸರು ನೆನಪಿಟ್ಟುಕೊಳ್ಳುವ ಕಷ್ಟ ಬೇಡ, ಗುಳಿಗೆಯ ಸ್ಟ್ರಿಪ್ಪುಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಕುಮಟೆಯ ನಮ್ಮ ಮಾವನನ್ನು ಡಾಕ್ಟರು “ಬಿಪಿ, ಶುಗರ್ ಇದೆಯಾ?” ಅಂತ ಕೇಳಿದರು. “ಎಂತದೂ ಇಲ್ಲ” ಅಂದರು ಮಾವ. ಸುಳ್ಳಲ್ಲ, ಎರಡೂ ಇರಲಿಲ್ಲ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಿದ್ದರು. ಹಲ್ಲಿಗೂ ಹೃದಯಕ್ಕೂ ಎಲ್ಲಿಯ ಸಂಬಂಧ ಅಂತ ಅವರ ಲೆಕ್ಕ. ಹಲ್ಲು ಕಿತ್ತು ಬಂದ ಮೇಲೆ ಸಂಜೆಯಾದರೂ ರಕ್ತ ಒಸರುವುದು ನಿಲ್ಲಲಿಲ್ಲ. ಮತ್ತೆ ಹೋಗಿ ಹೊಲಿಗೆ ಹಾಕಿಸಬೇಕಾಯಿತು.

ಇದರ ಉಲ್ಟಾ ತಪ್ಪು ಇನ್ನೂ ಅಪಾಯದ್ದು. ಹಲ್ಲು ಕೀಳಿಸಬೇಕು ಅಂತ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮುಂತಾದ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಒಂದೆರಡು ಹಲ್ಲು ಕೀಳಲು ಹೆಚ್ಚಿನ ಸಲ ಅದನ್ನು ನಿಲ್ಲಿಸುವುದೇ ಇಲ್ಲ, ಮೊದಲೇ ಗೊತ್ತಿದ್ದರೆ ಡಾಕ್ಟರು ರಕ್ತ ನಿಲ್ಲಿಸುವ ತಯಾರಿ ಮಾಡಿಕೊಂಡಿರುತ್ತಾರೆ. ಬೇಕಾದರೆ ಅವರೇ ನಿಮ್ಮ ಹೃದಯದ ಡಾಕ್ಟರ ಜೊತೆ ಮಾತಾಡುತ್ತಾರೆ.

ಸಕ್ಕರೆ ಕಾಯಿಲೆ ಇದ್ದವರು ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ತಿಂಡಿ ತಿಂದು, ಗುಳಿಗೆ ನುಂಗಿ, ಬೆಳಗಿನ ಹೊತ್ತೇ ಹೋಗಿ. ಮೂಳೆ ಸವೆತಕ್ಕೆ ವಾರಕ್ಕೊಂದು ಗುಳಿಗೆಯೋ ವರ್ಷಕ್ಕೊಂದು ಇಂಜೆಕ್ಷನ್ನೋ ತೆಗೆದುಕೊಳ್ಳುವ ಅಮ್ಮಂದಿರು ಹಲ್ಲು ಕೀಳಿಸುವ ಮೊದಲು ಅದನ್ನು ಹೇಳಲೇಬೇಕು. ಅಂಥವರಲ್ಲಿ ಅಪರೂಪಕ್ಕೆ ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುವುದುಂಟು. ಬಸುರಿ ಆಗಿದ್ದರೆ, ಆಗಿರಬಹುದು ಅಂತ ಅನುಮಾನ ಇದ್ದರೂ, ಎಕ್ಸ್‌ರೇಗೆ ಮೊದಲೇ ಹೇಳಿ. ನಾಲ್ಕರಿಂದ ಆರನೇ ತಿಂಗಳು ಚಿಕಿತ್ಸೆಗೆ ಅನುಕೂಲ. ಹಾಗಂತ ಕೀವು ತುಂಬಿದ ಹಲ್ಲನ್ನು ಹೆರಿಗೆಯವರೆಗೆ ಕಾಯಿಸಬಾರದು. ಯಾವುದಾದರೂ ಔಷಧಿಗೆ ಮೈ ತುಂಬ ದದ್ದು ಎದ್ದದ್ದಿದ್ದರೆ ಅದನ್ನೂ ಬರೆಯಿರಿ.

ಕವಳದ ಲೆಕ್ಕ ಸರಿಯಾಗಿ ಕೊಡಿ

ಕವಳ ಅಂದರೆ ಎಲೆ ಅಡಿಕೆ. ಇಲ್ಲಿ ನಮ್ಮ ಕಡೆಯವರೆಲ್ಲ ಜಾರಿಕೊಳ್ಳುತ್ತಾರೆ.

ಆಯಿಯನ್ನು ಕೂರಿಸಿಕೊಂಡು ಡಾಕ್ಟರು ಕೇಳಿದರು, “ಕವಳ ಹಾಕ್ತೀರಾ ಅಮ್ಮಾ?” ಮೊಮ್ಮಗಳ ವಯಸ್ಸಿನ ಹುಡುಗಿ ಆ ಡಾಕ್ಟರು. ಆಯಿ ಸೀರೆ ಸೆರಗು ಸರಿ ಮಾಡಿಕೊಂಡು, “ಅಪರೂಪಕ್ಕೆ ಒಂದು, ಊಟ ಆದ ಮೇಲೆ” ಅಂದಳು. ಸೊಂಟದಲ್ಲಿ ಕವಳದ ಸಂಚಿ ಉಬ್ಬಿಕೊಂಡಿತ್ತು. ಹಲ್ಲು ಎಲ್ಲ ಕಗ್ಗಲಿ ಬಣ್ಣ. ಡಾಕ್ಟರು ನಗಲಿಲ್ಲ. “ಬಯ್ಯೋದಿಲ್ಲ ಅಮ್ಮಾ, ಲೆಕ್ಕ ಬೇಕು ಅಷ್ಟೆ” ಅಂದರು. ಆಯಿ ನನ್ನ ಕಡೆ ಒಮ್ಮೆ ನೋಡಿ, ಬೆರಳು ಮಡಚುತ್ತ ಎಣಿಸತೊಡಗಿದಳು. ಎದ್ದ ಕೂಡಲೇ ಒಂದು, ಚಹಾ ಆದ ಮೇಲೆ ಒಂದು, ತೋಟಕ್ಕೆ ಹೋಗುವಾಗ ಒಂದು. ಎಂಟಕ್ಕೆ ನಿಂತಿತು. ಹೊಗೆಸೊಪ್ಪು ಬೇರೆ.

ಆಮೇಲೆ ಡಾಕ್ಟರು, “ನಿಮ್ಮದೇ ಮೂರು ಬೆರಳು ಜೋಡಿಸಿ ನೆಟ್ಟಗೆ ಬಾಯೊಳಗೆ ಇಡಿ ನೋಡೋಣ” ಅಂದರು. ಮೇಲಿನ ಕೆಳಗಿನ ಮುಂಹಲ್ಲಿನ ನಡುವೆ ಮೂರು ಬೆರಳು ಮೇಲೊಂದು ಕೆಳಗೊಂದಾಗಿ ಹಿಡಿಸಬೇಕು. ಆಯಿಯದು ಎರಡೂವರೆಗೆ ಗಟ್ಟಿಯಾಯಿತು. ಹುಳಿ, ಖಾರ ತಿಂದರೆ ಕೆನ್ನೆ ಒಳಗೆ ಉರಿಯುತ್ತದೆ ಅಂತ ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು. ನಾವು ಮೆಣಸಿನ ಮೇಲೆ ತಪ್ಪು ಹಾಕಿದ್ದೆವು.

ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಚರ್ಮ ಬಿಗಿದು, ಬೆಳ್ಳಗೆ ನಾರಿನಂತಾಗಿ, ಬಾಯಿ ತೆರೆಯುವುದು ಕಡಿಮೆಯಾಗುತ್ತ ಹೋಗುವ ಕಾಯಿಲೆ ಇದೆ. ಒಮ್ಮೆ ಗಟ್ಟಿಯಾದ ಭಾಗ ಮೊದಲಿನಂತೆ ಆಗುವುದು ಕಷ್ಟ. ಕವಳ ಬಿಟ್ಟರೆ ಮುಂದೆ ಬಿಗಿಯುವುದನ್ನು ತಡೆಯಬಹುದು. ತಂಬಾಕು ಹಾಕದಿದ್ದರೆ ಏನೂ ಆಗುವುದಿಲ್ಲ ಎನ್ನುವ ಮಾತು ನಮ್ಮಲ್ಲಿ ಗಟ್ಟಿಯಾಗಿದೆ. ಅದು ಸರಿಯಲ್ಲ. ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆ ಮಾರಿಯೇ ಮನೆ ಕಟ್ಟಿದವರು ನಾವು, ಇದನ್ನು ಬರೆಯುವಾಗ ನನಗೂ ಕೈ ತಡೆಯುತ್ತದೆ. ಆದರೂ ಡಾಕ್ಟರ ಎದುರು ಊರಿನ ಬೆಳೆಯ ಮಾನ ಕಾಯುವ ಅಗತ್ಯ ಇಲ್ಲ.

ದಿನಕ್ಕೆ ಎಷ್ಟು, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ, ಹೊಗೆಸೊಪ್ಪು ಇದೆಯಾ, ಬಾಯಲ್ಲಿಟ್ಟುಕೊಂಡೇ ಮಲಗುವುದುಂಟಾ, ಎಷ್ಟು ವರ್ಷದಿಂದ: ಇಷ್ಟು ಹೇಳಿ. ಗುಟ್ಕಾ, ಬೀಡಿ, ಕುಡಿತ ಇದ್ದರೆ ಅದೂ. ಮನೆಯವರ ಎದುರು ಹೇಳಲು ಆಗದಿದ್ದರೆ ಅವರನ್ನು ಹೊರಗೆ ಕೂರಲು ಹೇಳಿ, ಅದರಲ್ಲಿ ತಪ್ಪೇನಿಲ್ಲ. ಎರಡು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ನೋವಿಲ್ಲದಿದ್ದರೂ ತೋರಿಸಿ. ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಅಂದರೆ ಕ್ಯಾನ್ಸರ್ ಆಗಿದೆ ಅಂತ ಅರ್ಥವಲ್ಲ. ಬಯಾಪ್ಸಿ ಮಾಡುವುದೇ ಹೌದೋ ಅಲ್ಲವೋ ತಿಳಿಯಲಿಕ್ಕೆ.

ಚಿಕಿತ್ಸೆಗೂ ಇದು ಬೇಕಾದ ಮಾಹಿತಿ. ಬಾಯಿ ಸರಿಯಾಗಿ ತೆರೆಯದಿದ್ದರೆ ಹಿಂದಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡುವುದೇ ಕಷ್ಟ.

ಹೆದರಿಕೆ ಇದ್ದರೆ ಕೂರುವ ಮೊದಲೇ ಹೇಳಿ

ಗಂಡಸರು ಹೇಳುವುದಿಲ್ಲ. ಮರ ಹತ್ತಿ ಅಡಿಕೆ ಕೊನೆ ಇಳಿಸುವವನಿಗೂ ಆ ಸಣ್ಣ ಸೂಜಿ ಕಂಡರೆ ಬೆವರುತ್ತದೆ. “ನನಗೆ ಹೆದರಿಕೆ, ನಿಧಾನ ಮಾಡಿ” ಎಂಬ ಒಂದು ಮಾತು ಸಾಕು. ಸೂಜಿಗೆ ಮೊದಲು ಒಸಡಿಗೆ ಮರಗಟ್ಟುವ ಜೆಲ್ ಹಚ್ಚಬಹುದು, ಔಷಧಿಯನ್ನು ಮೆಲ್ಲಗೆ ಬಿಟ್ಟರೆ ನೋವೂ ಕಡಿಮೆ. ಎಡಗೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಬಾಯಿ ತುಂಬ ಸಾಮಾನು ಇರುವಾಗ ಕೈಯೇ ಮಾತು.

ಹಲ್ಲು ಕೀಳುವಾಗ ಒತ್ತಿದ್ದು, ಎಳೆದದ್ದು ಗೊತ್ತಾಗುತ್ತದೆ. ಚುಚ್ಚಿದಂತೆ ನೋವಾಗಬಾರದು. ಹಾಗೇನಾದರೂ ಆದರೆ ತಡೆದುಕೊಳ್ಳಬೇಡಿ, ಕೈ ಎತ್ತಿ. ತುಂಬ ಕೆರಳಿದ ಹಲ್ಲಿಗೆ ಒಮ್ಮೊಮ್ಮೆ ಒಂದು ಇಂಜೆಕ್ಷನ್ ಸಾಲುವುದಿಲ್ಲ, ಇನ್ನೊಂದು ಕೊಡುತ್ತಾರೆ. ಇಂಜೆಕ್ಷನ್ ಆದ ಕೂಡಲೇ ಎದೆ ಡವಡವ ಅಂದರೆ ಅದೂ ಸಾಮಾನ್ಯ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆದರೂ ಹೇಳಿ.

ಮಕ್ಕಳ ವಿಷಯ ಒಂದೇ ಸಾಲು: ಮನೆಯಲ್ಲಿ ಹಟ ಮಾಡಿದಾಗಲೆಲ್ಲ “ಡಾಕ್ಟರ ಹತ್ರ ಸೂಜಿ ಹಾಕಿಸ್ತೇನೆ” ಅಂದು, ಆಮೇಲೆ ಅದೇ ಡಾಕ್ಟರ ಎದುರು ಬಾಯಿ ತೆರೆ ಅಂದರೆ ಮಗು ಯಾಕೆ ತೆರೆಯುತ್ತದೆ?

ಏನೇನು ಮಾಡಬಹುದು ಅಂತ ಕೇಳಿ

ಮೊದಲು ಎಕ್ಸ್‌ರೇ ತೋರಿಸಲು ಹೇಳಿ. ಚೀಟಿಯಲ್ಲಿ 36, 47 ಅಂತ ಅಂಕಿ ಬರೆದಿರುತ್ತಾರಲ್ಲ, ಅದು ಹಲ್ಲಿನ ನಂಬರು. ನಿಮ್ಮ ಬಲಗಡೆ ಮೇಲಿನದು ಒಂದನೇ ಭಾಗ, ಎಡಗಡೆ ಮೇಲಿನದು ಎರಡು, ಎಡಗಡೆ ಕೆಳಗಿನದು ಮೂರು, ಬಲಗಡೆ ಕೆಳಗಿನದು ನಾಲ್ಕು. ಎರಡನೇ ಅಂಕಿಯನ್ನು ಮುಂಹಲ್ಲಿನ ನಡುವಿನಿಂದ ಹಿಂದಕ್ಕೆ ಎಣಿಸಬೇಕು. 36 ಅಂದರೆ ಎಡಗಡೆ ಕೆಳಗೆ ಆರನೆಯದು, ಆರನೇ ವರ್ಷದ ಹೊತ್ತಿಗೆ ಬರುವ ದೊಡ್ಡ ದವಡೆ ಹಲ್ಲು. ಇಷ್ಟು ತಿಳಿದಿದ್ದರೆ ಯಾವ ಹಲ್ಲಿನ ಮಾತು ನಡೆದಿದೆ ಎಂಬ ಗೊಂದಲ ಇಲ್ಲ.

ಆಮೇಲೆ ಕೇಳಬೇಕಾದ್ದು ಇವು: ಏನಾಗಿದೆ? ಏನೇನು ದಾರಿ ಇದೆ? ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ? ಎಷ್ಟು ದಿನ ಕಾಯಬಹುದು? ಈ ಕೊನೆಯದನ್ನು ಕೇಳುವವರು ಕಡಿಮೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಕೀವು ತುಂಬಿದ್ದು ಕಾಯುವುದಿಲ್ಲ. ವರ್ಷಗಳಿಂದ ಖಾಲಿ ಇರುವ ಜಾಗಕ್ಕೆ ಹಲ್ಲು ಕಟ್ಟಿಸುವುದು ಅಡಿಕೆ ಮಾರುವವರೆಗೆ ಕಾಯಬಹುದು. “ನಿಮ್ಮ ಅಮ್ಮನ ಹಲ್ಲಾಗಿದ್ದರೆ ಏನು ಮಾಡುತ್ತಿದ್ದಿರಿ?” ಅಂತಲೂ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಡಾಕ್ಟರ ಅಮ್ಮನಿಗೆ ಕ್ಲಿನಿಕ್ಕು ಮನೆಯಲ್ಲೇ ಇದೆ, ನಿಮ್ಮ ಅಮ್ಮ ಎರಡು ಬಸ್ಸು ಹತ್ತಿ ಬರಬೇಕು.

ನರಕ್ಕೆ ಮುಟ್ಟಿದ ಹಲ್ಲಿಗೆ ಇರುವ ದಾರಿ ಎರಡು: ರೂಟ್ ಕೆನಾಲ್, ಇಲ್ಲವೇ ಕೀಳುವುದು. “ಸದ್ಯ ಗುಳಿಗೆ ಕೊಡಿ ಡಾಕ್ಟ್ರೇ, ಮತ್ತೆ ನೋಡುವಾ” ಎಂಬುದು ಮೂರನೇ ದಾರಿಯಲ್ಲ. ಗುಳಿಗೆಯಿಂದ ಊತ, ನೋವು ಸ್ವಲ್ಪ ಇಳಿಯಬಹುದು, ಹಲ್ಲೊಳಗಿನ ಕೊಳೆ ಅಲ್ಲೇ ಇರುತ್ತದೆ. ರೂಟ್ ಕೆನಾಲ್ ಒಪ್ಪುವುದಾದರೆ ಎಷ್ಟು ಸಲ ಬರಬೇಕು, ಕ್ಯಾಪ್ ಯಾವಾಗ, ನಡುವೆ ಹಾಕಿದ ತಾತ್ಕಾಲಿಕ ಸಿಮೆಂಟು ಎಷ್ಟು ದಿನ ತಾಳುತ್ತದೆ ಎಂದು ಕೇಳಿ. ಜಗಿಯುವ ದವಡೆ ಹಲ್ಲು ಹುಳುಕು ತಿಂದು, ಒಳಗೆ ಕೊರೆದು ಟೊಳ್ಳಾಗಿರುತ್ತದೆ, ಕ್ಯಾಪ್ ಇಲ್ಲದಿದ್ದರೆ ಸೀಳುತ್ತದೆ. ನನ್ನ ಹಪ್ಪಳದ ಕಥೆ ಅದೇ.

ಕ್ಯಾಪಿನಲ್ಲೂ ಬಗೆಬಗೆ ಇದೆ. ಪೂರ್ತಿ ಲೋಹದ್ದು, ಲೋಹದ ಮೇಲೆ ಸೆರಾಮಿಕ್, ಜಿರ್ಕೋನಿಯಾ. ನಗುವಾಗ ಕಾಣುವ ಹಲ್ಲಿಗೆ ಬಣ್ಣ ನೋಡಲೇಬೇಕು. ಕೊನೆಯ ದವಡೆ ಹಲ್ಲಿಗೆ ಲೋಹದ್ದು ನಡೆಯುತ್ತದೆ, ಅದಕ್ಕೆ ಹಲ್ಲನ್ನು ಉಜ್ಜುವುದೂ ಕಡಿಮೆ. “ಇದೇ ಯಾಕೆ?” ಅಂತ ಕೇಳಿದರೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

ಕೀಳಿಸುವುದೇ ಆದರೆ ಜಾಗ ಖಾಲಿ ಬಿಟ್ಟರೇನಾಗುತ್ತದೆ ಅಂತ ಮೊದಲೇ ಕೇಳಿ. ಪಕ್ಕದ ಹಲ್ಲು ಆ ಕಡೆ ವಾಲುತ್ತದೆ, ಎದುರಿನ ಹಲ್ಲು ಜಾಗ ಸಿಕ್ಕಿತು ಅಂತ ಉದ್ದವಾಗುತ್ತ ಬರುತ್ತದೆ. ತೆಗೆದು ಹಾಕುವ ಹಲ್ಲು ಅಗ್ಗ, ಆದರೆ ಅಲ್ಲಾಡುವುದು, ದಿನಾ ತೊಳೆಯುವುದು ಇದ್ದದ್ದೇ. ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರುವ ಬ್ರಿಜ್ ಕಟ್ಟಿಸಿದರೆ ಗಟ್ಟಿ, ಆದರೆ ಅದಕ್ಕಾಗಿ ಎರಡೂ ಪಕ್ಕದ ಒಳ್ಳೆಯ ಹಲ್ಲನ್ನು ಉಜ್ಜಿ ಸಣ್ಣ ಮಾಡಬೇಕು. ಇಂಪ್ಲಾಂಟ್ ಅಂದರೆ ಮೂಳೆಯೊಳಗೆ ಟೈಟಾನಿಯಮ್ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು. ಪಕ್ಕದ ಹಲ್ಲು ಮುಟ್ಟುವುದಿಲ್ಲ, ಆದರೆ ಖರ್ಚು ಜಾಸ್ತಿ, ಮುಗಿಯಲು ಕೆಲವು ತಿಂಗಳು ಬೇಕು, ಕವಳ ಬೀಡಿ ಬಿಡದವರಲ್ಲಿ ಕೈಕೊಡುವುದು ಹೆಚ್ಚು. ತೀರಾ ಹಿಂದಿನ ಬುದ್ಧಿ ಹಲ್ಲು ಕೀಳಿಸಿದ ಜಾಗಕ್ಕೆ ಇದ್ಯಾವುದೂ ಬೇಡ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಮಾತೂ ಇದೆ. ಸಡಿಲವಾದದ್ದು ಮೊದಲೇ. ಹಲ್ಲಿಗೆ ಕಟ್ಟಿದ ಕಿಟ್ಟ ಅದನ್ನು ಹಿಡಿದುಕೊಂಡಿತ್ತು ಅಷ್ಟೆ. ಹೀಗೆ ನಿಮ್ಮ ತಲೆಯಲ್ಲಿರುವ ಇಂಥ ಅನುಮಾನವನ್ನು ನುಂಗದೆ ಕೇಳಿಬಿಡಿ.

ಮನಸ್ಸು ಒಪ್ಪದಿದ್ದರೆ “ಮನೆಯಲ್ಲಿ ಮಾತಾಡಿ ಹೇಳುತ್ತೇನೆ” ಎನ್ನಿ, ಎಕ್ಸ್‌ರೇ ಫೋಟೋ ಮೊಬೈಲಿಗೆ ತೆಗೆದುಕೊಳ್ಳಿ. ಇನ್ನೊಬ್ಬ ಡಾಕ್ಟರಿಗೆ ತೋರಿಸುವುದು ಮೊದಲಿನವರಿಗೆ ಮಾಡಿದ ಅವಮಾನವಲ್ಲ.

ದುಡ್ಡು, ಬಸ್ಸು, ಹಂಗಾಮು

ಇದನ್ನು ಹೇಳಲು ನಾಚುವವರೇ ಹೆಚ್ಚು. ಡಾಕ್ಟರು ಹೇಳುವ ದಾರಿ ನಿಮಗೆ ಸರಿಹೋಗುವುದು, ಹೋಗದಿರುವುದು ಇದರ ಮೇಲೇ ನಿಂತಿದೆ. “ನನ್ನ ಕೈಯಲ್ಲಿ ಈಗ ಇಷ್ಟೇ ಆಗುವುದು. ಮೊದಲು ಯಾವುದು ಮಾಡಬೇಕು, ಯಾವುದು ಆಮೇಲೆ?” ಅಂತ ಕೇಳಿ. ಒಟ್ಟು ಖರ್ಚನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅದರಲ್ಲಿ ಎಕ್ಸ್‌ರೇ ಸೇರಿದೆಯಾ, ಕ್ಯಾಪ್ ಸೇರಿದೆಯಾ, ಪ್ರತಿ ಸಲ ಸ್ವಲ್ಪ ಸ್ವಲ್ಪ ಕೊಟ್ಟರೆ ನಡೆಯುತ್ತದಾ ಕೇಳಿ. ಜಗಳ ಬರುವುದು ಹೆಚ್ಚಾಗಿ ಕ್ಯಾಪಿನ ಲೆಕ್ಕದಲ್ಲೇ.

ಸರ್ಕಾರಿ ಆಸ್ಪತ್ರೆಯ ದಂತ ವಿಭಾಗವನ್ನು ಮರೆಯಬೇಡಿ. ಬಿಪಿಎಲ್ ಮನೆಯ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ಟು ಮಾಡಿಸಿಕೊಡಲು ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದದ್ದಿದೆ, ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ದೊಡ್ಡ ಕೆಲಸವಿದ್ದರೆ ಘಟ್ಟದ ಮೇಲಿನವರಿಗೆ ಧಾರವಾಡದ ಸತ್ತೂರಿನ ದಂತ ಕಾಲೇಜು, ಭಟ್ಕಳ ಕಡೆಯವರಿಗೆ ಮಣಿಪಾಲ, ಕಾರವಾರದವರಿಗೆ ಗೋವಾದ ಬಾಂಬೋಳಿ ಇದೆ. ಕಾಲೇಜಿನಲ್ಲಿ ಕಲಿಯುವವರು ಪ್ರಾಧ್ಯಾಪಕರ ಕಣ್ಣೆದುರು ಮಾಡುತ್ತಾರೆ, ಖರ್ಚು ಕಡಿಮೆ, ಸಮಯ ಜಾಸ್ತಿ. ಬಸ್ಸಿನ ಖರ್ಚು, ಕೂಲಿ ತಪ್ಪಿದ ದಿನ ಎರಡನ್ನೂ ಕೂಡಿಸಿ ನೋಡಿ.

ಬರುವ ಹೋಗುವ ಕಷ್ಟವನ್ನೂ ಹೇಳಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಇರುವ ಊರಿನವರಾದರೆ ಎರಡು ಸಲದ ಕೆಲಸವನ್ನು ಒಂದೇ ಸಲ ಮಾಡಲು ಆಗುತ್ತದಾ ಕೇಳಿ, ಎಷ್ಟೋ ಸಲ ಆಗುತ್ತದೆ. ಕೊಯ್ಲಿನ ಹೊತ್ತು, ಜಾತ್ರೆ, ಮನೆ ಮದುವೆ ಎಲ್ಲವನ್ನೂ ಮೊದಲೇ ತಿಳಿಸಿ. ಯಾಂತ್ರಿಕ ದೋಣಿಗೆ ಹೋಗುವವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಪುರುಸೊತ್ತು ಆಗ ಸಿಗುತ್ತದೆ, ದುಡ್ಡು ಆಗ ಇರುವುದಿಲ್ಲ. ಇದನ್ನು ಹೇಳಿದರೆ ನೋವು ಕೊಡುವ ಹಲ್ಲನ್ನು ಮಳೆಗಾಲದಲ್ಲಿ ಮುಗಿಸಿ, ಕಾಯಬಲ್ಲ ಕೆಲಸವನ್ನು ದೋಣಿ ಮತ್ತೆ ಕಡಲಿಗಿಳಿದ ಮೇಲೆ ಇಟ್ಟುಕೊಳ್ಳಬಹುದು.

ಮನೆಯಲ್ಲಿ ಕೊಂಕಣಿ ಮಾತ್ರ ಬರುವ ಅಜ್ಜಿ ಇದ್ದರೆ ಜೊತೆಗೆ ಒಬ್ಬರು ಹೋಗಿ. ಆದರೆ ಅಜ್ಜಿ ಹೇಳಿದ್ದನ್ನು ಹೇಳಿ, ನಿಮಗನಿಸಿದ್ದನ್ನಲ್ಲ.

ಎದ್ದು ಬರುವ ಮೊದಲು

ಎಲ್ಲ ಕೇಳಿದ ಮೇಲೆ ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ: “ಅಂದರೆ ಇವತ್ತು ಹಲ್ಲು ಕೀಳೋದು, ಗುರುವಾರ ಹೊಲಿಗೆ ಬಿಚ್ಚೋದು, ಅಲ್ವಾ?” ತಪ್ಪಾಗಿ ತಿಳಿದಿದ್ದರೆ ಅಲ್ಲೇ ಸರಿಹೋಗುತ್ತದೆ.

ಹಲ್ಲು ಕಿತ್ತಿದ್ದರೆ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಒಂದು ದಿನ ಉಗುಳಬೇಡಿ, ಮುಕ್ಕಳಿಸಬೇಡಿ. ಕವಳ ಅಂತೂ ಬೇಡವೇ ಬೇಡ. ಮರಗಟ್ಟಿದ ತುಟಿ ಸರಿಯಾಗಲು ಎರಡು ಮೂರು ಗಂಟೆ ಬೇಕು, ಅಲ್ಲಿಯವರೆಗೆ ಬಿಸಿ ಚಹಾ ಕುಡಿದರೆ ಸುಟ್ಟದ್ದು ಗೊತ್ತಾಗುವುದಿಲ್ಲ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡು ಮೂರು ದಿನದ ಮೇಲೆ ನೋವು ಮತ್ತೆ ಏರಿದರೆ, ಬಾಯಿ ವಾಸನೆ ಬಂದರೆ, ತಿರುಗಿ ಹೋಗಿ. ಕಿತ್ತ ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಹೋಗಿರಬಹುದು, ಅದಕ್ಕೆ ಔಷಧಿ ಇಡುತ್ತಾರೆ.

ಯಾವ ನಂಬರಿಗೆ ಫೋನ್ ಮಾಡಬೇಕು, ಭಾನುವಾರ ಯಾರು ಸಿಗುತ್ತಾರೆ ಎಂದು ಬರೆಸಿಕೊಂಡೇ ಬನ್ನಿ. ಊತ ಕಣ್ಣಿನ ಕಡೆಗೋ ಕುತ್ತಿಗೆಗೋ ಇಳಿಯುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದು ಕ್ಲಿನಿಕ್ಕಿನ ಕೆಲಸ ಅಲ್ಲ, ಎಷ್ಟು ಹೊತ್ತಾಗಿದ್ದರೂ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆ ರಾತ್ರಿ ಲವಂಗದ ಎಣ್ಣೆ ಹಚ್ಚಿಕೊಂಡು ಬೆಳಗಿನ ಬಸ್ಸು ಕಾಯಬೇಡಿ.